ಕಾಸಿಗೆ ತಕ್ಕ ಕಜ್ಜಾಯವೇ ಥೀಮ್ ಪಾರ್ಕ್? ಟಿಕೆಟ್ ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿಗೆ ಸ್ವಲ್ಪ ಮೊದಲು ಸಿಗುವ ವಂಡರ್‌ಲಾ 2005ರಲ್ಲಿ ಬಾಗಿಲು ತೆರೆಯಿತು. ಅಲ್ಲಿಂದೀಚೆಗೆ ಬೆಂಗಳೂರಿನಲ್ಲಷ್ಟೇ ಏಕೆ, ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗದ ಮನೆಗಳಲ್ಲೂ ರಜೆ ಹತ್ತಿರವಾದಂತೆ ಮಕ್ಕಳು ಅದರ ಹೆಸರೆತ್ತುತ್ತಾರೆ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಮಂಗಳೂರಿನವರಿಗೆ ಪಿಲಿಕುಳದ ಮಾನಸ ವಾಟರ್ ಪಾರ್ಕ್ ಇದೆ. ಎಲ್ಲಿಗೆ ಹೋಗುವುದಾದರೂ ದೊಡ್ಡವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಒಂದೇ ದಿನಕ್ಕೆ ಇಷ್ಟು ಹಣ ಸುರಿಯುವುದರಲ್ಲಿ ಅರ್ಥವಿದೆಯೇ?

ಎಲ್ಲರಿಗೂ ಒಪ್ಪುವ ಉತ್ತರ ಇದಕ್ಕಿಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ಸರಿಯಾದ ಉತ್ತರವನ್ನು ಹೊರಡುವ ಮೊದಲೇ, ಒಂದು ಹಾಳೆ ಮತ್ತು ಪೆನ್ನು ಹಿಡಿದು ಕೂತು ಕಂಡುಕೊಳ್ಳಬಹುದು. ಹೆಚ್ಚಿನವರು ಟಿಕೆಟ್ ದರವನ್ನು ನೋಡಿ "ದುಬಾರಿ" ಎನ್ನುತ್ತಾರೆ, ಇಲ್ಲವೇ ರಿಯಾಯಿತಿ ನೋಡಿ "ಪರವಾಗಿಲ್ಲ" ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಹಣ ಸಾರ್ಥಕವಾಗುವುದೋ ದಂಡವಾಗುವುದೋ ಎಂಬುದನ್ನು ನಿರ್ಧರಿಸುವುದು ದರಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳು: ನಿಮ್ಮೊಂದಿಗೆ ಬರುವವರಲ್ಲಿ ಯಾರು ಯಾವ ರೈಡ್ ಏರಬಲ್ಲರು ಎಂಬುದು, ಮತ್ತು ನೀವು ಹೋದ ದಿನ ಅಲ್ಲಿ ಎಷ್ಟು ಜನರಿರುತ್ತಾರೆ ಎಂಬುದು. ಮುಂದಿನ ಹಂತಗಳೆಲ್ಲ ಈ ಎರಡನ್ನೇ ಸುತ್ತುತ್ತವೆ.

ಮೊದಲ ಹಂತ: ಮಕ್ಕಳ ಎತ್ತರ ಅಳೆಯಿರಿ

ಜಾಲತಾಣ ತೆರೆಯುವ ಮೊದಲು ಮನೆಯಲ್ಲಿರುವ ಅಳತೆ ಟೇಪು ತೆಗೆದುಕೊಳ್ಳಿ. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವೊಂದನ್ನು ಸಮವಾಗಿ ಹಿಡಿದು ಗುರುತು ಹಾಕಿ ಅಳೆಯಿರಿ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ ನಿಂತಿಲ್ಲ, ಎತ್ತರದ ಮೇಲೆ ನಿಂತಿದೆ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕೂ ಎತ್ತರವಿದ್ದರೆ ದೊಡ್ಡವರ ದರ. ಮನೆಯಲ್ಲೇ ಅಳೆದುಕೊಂಡು ಹೋದರೆ ಗೇಟಿನಲ್ಲಿ ವ್ಯತ್ಯಾಸದ ಹಣ ತುಂಬುವ ಮುಜುಗರವಾದರೂ ತಪ್ಪುತ್ತದೆ.

ಆದರೆ ಅಳೆಯುವ ಮುಖ್ಯ ಉದ್ದೇಶ ಟಿಕೆಟ್ ಅಲ್ಲ. ತಲೆಕೆಳಗಾಗಿಸುವ, ಎತ್ತರದಿಂದ ಬೀಳಿಸುವ, ಜೋರಾಗಿ ತಿರುಗಿಸುವ ದೊಡ್ಡ ರೈಡ್‌ಗಳಲ್ಲಿ ಹಲವಕ್ಕೆ ಕನಿಷ್ಠ ಎತ್ತರವೂ 140 ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಭುಜದ ಮೇಲಿಂದ ಇಳಿದು ಎದೆಯನ್ನು ಹಿಡಿಯುವ ಕಬ್ಬಿಣದ ಕಟ್ಟು, ತೊಡೆಯ ಮೇಲೆ ಬಂದು ಕೂರುವ ಅಡ್ಡಪಟ್ಟಿ, ಇವೆಲ್ಲ ಒಂದು ಅಳತೆಯ ಮೈಗೆಂದು ರೂಪಿಸಿದವು. ಚಿಕ್ಕ ಮೈ ಅದರ ಸಂದಿನಲ್ಲಿ ಜಾರಬಹುದು. ಆದ್ದರಿಂದ ಈ ನಿಯಮದಲ್ಲಿ ಸಡಿಲಿಕೆ ಕೇಳುವುದು ತಪ್ಪು, ಯಾರಾದರೂ ಸಡಿಲಿಸಿದರೆ ಒಪ್ಪುವುದು ಇನ್ನೂ ದೊಡ್ಡ ತಪ್ಪು. ರೈಡಿನ ಬಾಗಿಲಲ್ಲಿ ಬಣ್ಣದ ಅಳತೆ ಕಂಬವೊಂದಿರುತ್ತದೆ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಬಂದ ಹುಡುಗ ಅದರ ಪಕ್ಕದಲ್ಲಿ ಮೆಲ್ಲನೆ ಹಿಮ್ಮಡಿ ಎತ್ತುತ್ತಾನೆ. ಸಿಬ್ಬಂದಿ ಅವನ ಭುಜದ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುತ್ತಾರೆ. ಕೂದಲಿಗೂ ಗೆರೆಗೂ ನಡುವೆ ಎರಡು ಬೆರಳು ಅಂತರ ಉಳಿಯುತ್ತದೆ. ಅಕ್ಕ ಒಳಗೆ ಹೋಗುತ್ತಾಳೆ, ತಮ್ಮ ಅಪ್ಪನ ಕೈ ಹಿಡಿದು ಬಂದ ದಾರಿಯಲ್ಲೇ ಹಿಂದಿರುಗುತ್ತಾನೆ. ಆ ಮುಖವನ್ನು ನೋಡಿದವರು ಹೊರಡುವ ಮೊದಲೇ ಅಳೆಯುವುದನ್ನು ಮರೆಯುವುದಿಲ್ಲ.

ಅಳತೆ ಬಂದ ಮೇಲೆ ಹೀಗೆ ಯೋಚಿಸಿ. ಮಗು 85ನ್ನು ಈಗಷ್ಟೇ ದಾಟಿ 110ರೊಳಗೆ ಇದ್ದರೆ, ಕೊಟ್ಟ ಹಣಕ್ಕೆ ಅತಿ ಕಡಿಮೆ ಸಿಗುವ ಹಂತ ಅದೇ. ಆ ವಯಸ್ಸಿನ ಮಗುವಿಗೆ ಪುಟ್ಟ ರೈಲು, ಗಿರಗಿರ ತಿರುಗುವ ಕುದುರೆ, ಮೊಣಕಾಲುದ್ದದ ನೀರು ಸಾಕು, ಇವು ಊರ ಜಾತ್ರೆಯಲ್ಲೂ ಸಿಗುತ್ತವೆ. 115ರಿಂದ 130ರ ನಡುವಿನ ಮಕ್ಕಳು ನೀರಿನ ವಿಭಾಗದಲ್ಲಿ ಮನದಣಿಯೆ ಆಡುತ್ತಾರೆ, ಒಣ ರೈಡ್‌ಗಳಲ್ಲಿ ನಡುಮಟ್ಟದವು ಅವರಿಗೆ ದಕ್ಕುತ್ತವೆ. ಅಷ್ಟು ಸಾಕೆನಿಸಿದರೆ ಹೋಗಿಬನ್ನಿ. 132ರಿಂದ 139ರ ನಡುವೆ ಇದ್ದರೆ ನನ್ನ ಸಲಹೆ ಸ್ಪಷ್ಟ: ಒಂದು ವರ್ಷ ತಡೆಯಿರಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು 10ರಿಂದ 12ರ ವಯಸ್ಸಿನಲ್ಲಿ ಆ ಗೆರೆ ದಾಟುತ್ತಾರೆ. ಆಗ ದೊಡ್ಡವರ ಟಿಕೆಟ್ ಕೊಡಬೇಕಾಗುತ್ತದೆ ನಿಜ, ಆದರೆ ಹೆಚ್ಚುವರಿಯಾಗಿ ಕೊಡುವ ಆ ಕೆಲವು ನೂರು ರೂಪಾಯಿಗೆ ಇಡೀ ಪಾರ್ಕ್ ತೆರೆದುಕೊಳ್ಳುತ್ತದೆ.

ಎರಡನೆಯ ಹಂತ: ಉಳಿದವರನ್ನು ಕೇಳಿ ತಿಳಿಯಿರಿ

ಅಜ್ಜಿ, ತಾತ, ಗರ್ಭಿಣಿ ತಂಗಿ, ಬೆನ್ನುನೋವಿನ ಭಾವ, ಎಲ್ಲರನ್ನೂ ಸೇರಿಸಿಕೊಂಡು ಹೊರಡುವುದು ನಮ್ಮ ರೂಢಿ. ಪಾರ್ಕಿನವರಿಗೆ ಮಾತ್ರ ರೈಡ್ ಏರುವವರೂ ಒಂದೇ, ಬೆಂಚಿನ ಮೇಲೆ ಕೂರುವವರೂ ಒಂದೇ. ಒಳಗೆ ಕಾಲಿಟ್ಟ ಪ್ರತಿಯೊಬ್ಬರಿಗೂ ಟಿಕೆಟ್ ಇದೆ. 60 ದಾಟಿದವರಿಗೆ ರಿಯಾಯಿತಿ ಸಿಗುತ್ತದೆ, ವಯಸ್ಸಿನ ದಾಖಲೆ ಜೊತೆಗಿರಬೇಕು. ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ, ಕುತ್ತಿಗೆ ಅಥವಾ ಬೆನ್ನಿನ ನೋವು ಇರುವವರು ಮತ್ತು ಗರ್ಭಿಣಿಯರು ಜೋರಿನ ರೈಡ್‌ಗಳನ್ನು ಏರಬಾರದು. ಬಸ್ಸಿನಲ್ಲಿ ಘಾಟಿ ಹತ್ತುವಾಗ ವಾಂತಿ ಮಾಡಿಕೊಳ್ಳುವವರಿಗೆ ತಿರುಗುವ ರೈಡ್‌ಗಳು ಹಿಂಸೆಯೇ ಸರಿ, ಏಕೆಂದರೆ ಕಣ್ಣು ಹೇಳುವುದಕ್ಕೂ ಒಳಗಿವಿ ಹೇಳುವುದಕ್ಕೂ ತಾಳೆಯಾಗದಿದ್ದಾಗಲೇ ಹೊಟ್ಟೆ ತೊಳೆಸುವುದು.

ಹಾಗೆಂದು ಹಿರಿಯರನ್ನು ಬಿಟ್ಟು ಹೋಗಿ ಎಂದು ನಾನು ಹೇಳುತ್ತಿಲ್ಲ. ಮೊಮ್ಮಕ್ಕಳು ನೀರಿನಲ್ಲಿ ಕುಣಿಯುವುದನ್ನು ನೆರಳಲ್ಲಿ ಕೂತು ನೋಡುವುದೇ ಕೆಲವು ಅಜ್ಜಿಯರಿಗೆ ಹಬ್ಬ, ಅಂಥವರ ಟಿಕೆಟ್ ಖಂಡಿತ ದಂಡವಲ್ಲ. ಇನ್ನು ಕೆಲವರು ಬಿಸಿಲಲ್ಲಿ ಚೀಲಗಳ ಕಾವಲು ಕಾಯ್ದು, ಕಾಲು ನೋಯಿಸಿಕೊಂಡು, ಮಕ್ಕಳ ಮುಖ ನೋಡಿ ಸುಮ್ಮನಿರುತ್ತಾರೆ. ಯಾರು ಯಾವ ಬಗೆಯವರೆಂದು ಊಹಿಸಬೇಡಿ. ಅಲ್ಲಿ ಏನಿರುತ್ತದೆ, ಎಷ್ಟು ನಡೆಯಬೇಕಾಗುತ್ತದೆ, ಎಷ್ಟು ಹೊತ್ತು ಕೂರಬೇಕಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿ, ಅವರ ಮನಸ್ಸನ್ನು ಅವರ ಬಾಯಿಂದಲೇ ಕೇಳಿ. "ನೀವು ಹೋಗಿಬನ್ನಿ" ಎಂದು ಅವರು ಮನಸಾರೆ ಅಂದರೆ, ಉಳಿದ ಹಣದಲ್ಲಿ ಅವರಿಗೆ ಇಷ್ಟವಾದ ಕ್ಷೇತ್ರಕ್ಕೊಂದು ಪ್ರಯಾಣ ಏರ್ಪಡಿಸಬಹುದು.

ಮೂರನೆಯ ಹಂತ: ಇಡೀ ದಿನದ ಖರ್ಚು ಬರೆಯಿರಿ

ಈಗ ಹಾಳೆಯ ಮೇಲೆ ಲೆಕ್ಕ. ತುಮಕೂರಿನಿಂದ ಕಾರಿನಲ್ಲಿ ಹೊರಡುವ ಐದು ಜನರ ಕುಟುಂಬವೊಂದನ್ನು ಇಟ್ಟುಕೊಳ್ಳೋಣ: ಗಂಡ, ಹೆಂಡತಿ, 140 ದಾಟಿದ ಮಗಳು, ದಾಟದ ಮಗ, 66ರ ಅಜ್ಜಿ. ಲೆಕ್ಕದ ಅನುಕೂಲಕ್ಕೆಂದು ದೊಡ್ಡವರ ಟಿಕೆಟ್ 1,400, ಮಕ್ಕಳದ್ದು 1,100, ಹಿರಿಯರದ್ದು 1,000 ರೂಪಾಯಿ ಎಂದು ಹಿಡಿಯುತ್ತೇನೆ. ನೀವು ಹೋಗುವ ದಿನದ ದರವನ್ನು ಪಾರ್ಕಿನ ಜಾಲತಾಣದಲ್ಲಿ ನೋಡಿ ನಿಮ್ಮ ಅಂಕಿಗಳನ್ನು ಅಲ್ಲಿ ತುಂಬಿಕೊಳ್ಳಿ. ಮೂವರು ದೊಡ್ಡವರ ದರದವರಿಗೆ 4,200, ಮಗನಿಗೆ 1,100, ಅಜ್ಜಿಗೆ 1,000, ಒಟ್ಟು 6,300 ರೂಪಾಯಿ ಟಿಕೆಟ್ಟಿಗೆ ಹೋಯಿತು.

ಅದರ ಕೆಳಗೆ ಬರೆಯಬೇಕಾದವು ಇನ್ನೂ ಇವೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟಕ್ಕೆ ತಲೆಗೆ 350ರಂತೆ 1,750. ನೀರಿಗಿಳಿಯಲು ನೈಲಾನ್ ಅಥವಾ ಅಂಥ ಬಟ್ಟೆಯ ಈಜುಡುಗೆಯೇ ಬೇಕು. ಸೀರೆ, ಜೀನ್ಸ್, ಹತ್ತಿಯ ಬಟ್ಟೆಗೆ ಅವಕಾಶವಿಲ್ಲ. ಮೂವರಿಗೆ ಅಲ್ಲೇ ಕೊಳ್ಳಬೇಕಾಗಿ ಬಂದರೆ 1,200. ಲಾಕರಿಗೆ 200, ಪಾರ್ಕಿಂಗಿಗೆ 100, ಹೋಗಿಬರುವ ಇಂಧನ ಮತ್ತು ಟೋಲಿಗೆ 1,500, ಸಂಜೆಯ ತಿಂಡಿ, ಐಸ್‌ಕ್ರೀಮ್, ಫೋಟೊ ಎಂದು 600. ಎಲ್ಲ ಕೂಡಿಸಿದರೆ 11,650 ರೂಪಾಯಿ. ಟಿಕೆಟ್ಟಿನ ಪಾಲು ಅರ್ಧಕ್ಕಿಂತ ಸ್ವಲ್ಪವಷ್ಟೇ ಹೆಚ್ಚು.

ಈ ಉಳಿದರ್ಧದಲ್ಲೇ ನಿಮ್ಮ ಕೈ ಆಡುವುದು. ಈಜುಡುಗೆಯನ್ನು ವಾರ ಮೊದಲೇ ಊರ ಬಟ್ಟೆ ಅಂಗಡಿಯಲ್ಲಿ ಕೊಂಡರೆ ಅರ್ಧ ಬೆಲೆಗೂ ಸಿಗಬಹುದು, ಆಮೇಲೆ ಈಜುಕೊಳಕ್ಕೂ ಆಗುತ್ತದೆ. ಒಣಗಿದ ಟವೆಲ್, ಒದ್ದೆ ಬಟ್ಟೆ ಹಾಕಲು ಪ್ಲಾಸ್ಟಿಕ್ ಚೀಲ, ತಲೆಗೂದಲಿಗೆ ಸಾದಾ ರಬ್ಬರ್ ಬ್ಯಾಂಡ್, ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ, ಇವನ್ನೆಲ್ಲ ಮನೆಯಿಂದ ಒಯ್ದರೆ ಸಣ್ಣಪುಟ್ಟ ಖರೀದಿಗಳು ತಪ್ಪುತ್ತವೆ. ಎಲ್ಲರ ಸಾಮಾನೂ ಒಂದೇ ಚೀಲದಲ್ಲಿ ಹಿಡಿಯುವಂತಿದ್ದರೆ ಒಂದೇ ಲಾಕರ್ ಸಾಕು.

ನಾಲ್ಕನೆಯ ಹಂತ: ದಿನವನ್ನು ಆರಿಸಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು. ಜಾತ್ರೆಯಲ್ಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಂದೊಂದು ಆಟಕ್ಕೂ ಬೇರೆ ಬೇರೆ ಚೀಟಿ, ಏರಿದ್ದಕ್ಕಷ್ಟೇ ಹಣ. ಅಮೆರಿಕದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಕೂಡ ಮೊದಲು ಇದೇ ಪದ್ಧತಿಯಲ್ಲಿತ್ತು, ರೈಡ್ ಚೀಟಿಗಳ ಪುಸ್ತಕವನ್ನು ಅದು ಪೂರ್ತಿಯಾಗಿ ಕೈಬಿಟ್ಟದ್ದು 1982ರಲ್ಲಿ. ಈಗಿನ ದೊಡ್ಡ ಪಾರ್ಕ್‌ಗಳಲ್ಲಿ ಬಾಗಿಲಲ್ಲೇ ಒಮ್ಮೆ ಹಣ ಕೊಟ್ಟರೆ ಒಳಗಿನ ಬಹುಪಾಲು ರೈಡ್‌ಗಳನ್ನು ಎಷ್ಟು ಸಲ ಬೇಕಾದರೂ ಏರಬಹುದು. ಕೇಳಲು ಇದು ಲಾಭದ ವ್ಯವಹಾರ. ಆದರೆ "ಎಷ್ಟು ಸಲ ಬೇಕಾದರೂ" ಎಂಬುದನ್ನು ತೀರ್ಮಾನಿಸುವುದು ನಿಮ್ಮ ಮುಂದಿರುವ ಸಾಲು.

ಪಾರ್ಕ್ ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ ಎಂದುಕೊಂಡರೆ ನಿಮ್ಮ ಕೈಯಲ್ಲಿರುವುದು 420 ನಿಮಿಷ. ಊಟಕ್ಕೆ 45, ಬಟ್ಟೆ ಬದಲಿಸಿ ಲಾಕರಿಗೆ ಇಟ್ಟು ತೆಗೆಯುವುದಕ್ಕೆ 40, ಓಡಾಟ, ಶೌಚ, ಒಬ್ಬರಿಗೊಬ್ಬರು ಕಾಯುವುದಕ್ಕೆ 45 ನಿಮಿಷ ಕಳೆದರೆ ಉಳಿಯುವುದು 290. ಜನವಿರಳ ದಿನದಲ್ಲಿ ಸಾಲೂ ಆಟವೂ ಸೇರಿ ರೈಡೊಂದಕ್ಕೆ 15 ನಿಮಿಷ ಸಾಕು, ಅಂದರೆ 19 ಸಲ ಏರಬಹುದು. ಜಾತ್ರೆಯಂತೆ ಜನ ಸೇರಿದ ದಿನ ಒಂದಕ್ಕೇ 50 ನಿಮಿಷ ಹಿಡಿದರೆ ಆರು ಸಲವೂ ಪೂರ್ತಿಯಾಗುವುದಿಲ್ಲ. ಅದೇ 1,400 ರೂಪಾಯಿ ಟಿಕೆಟ್ಟಿನಲ್ಲಿ ಮೊದಲ ದಿನ ಒಂದು ಸಲದ ಆಟಕ್ಕೆ ಬೀಳುವುದು 74 ರೂಪಾಯಿ, ಎರಡನೆಯ ದಿನ 230ಕ್ಕೂ ಹೆಚ್ಚು. ಮೇಲಾಗಿ ಜನ ಹೆಚ್ಚಿರುವ ದಿನಗಳಲ್ಲೇ ಟಿಕೆಟ್ ದರವೂ ಏರಿರುತ್ತದೆ. ಯಾವ ರಿಯಾಯಿತಿ ಕೂಪನ್ನೂ ಇಷ್ಟು ದೊಡ್ಡ ವ್ಯತ್ಯಾಸವನ್ನು ತುಂಬಿಕೊಡಲಾರದು.

ಹಾಗಾದರೆ ಯಾವ ದಿನ? ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗಿನ ವಾರ, ಶನಿವಾರ–ಭಾನುವಾರಕ್ಕೆ ಅಂಟಿಕೊಂಡು ಬರುವ ಸರ್ಕಾರಿ ರಜೆಗಳು, ಇವನ್ನು ಮೊದಲು ಹೊಡೆದುಹಾಕಿ. ವಾರದ ನಡುವಿನ ದಿನವೆಂದರೆ ಯಾವಾಗಲೂ ಖಾಲಿ ಎಂದು ನಂಬಬೇಡಿ. ನವೆಂಬರಿನಿಂದ ಜನವರಿಯವರೆಗೆ ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸದ ಕಾಲ. ಬುಧವಾರ ಹೋದರೂ ಸಮವಸ್ತ್ರದ ಮಕ್ಕಳನ್ನು ಇಳಿಸಿದ ಬಸ್ಸುಗಳು ಪಾರ್ಕಿಂಗಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಶಾಲೆಗಳು ತೆರೆದು ಪಾಠ ಬಿರುಸುಗೊಂಡ ಜೂನ್ ಮಧ್ಯದಿಂದ ಆಗಸ್ಟ್ ಆರಂಭದವರೆಗಿನ ಮಂಗಳವಾರ, ಬುಧವಾರ, ಗುರುವಾರಗಳೇ ನನ್ನ ಮೊದಲ ಆಯ್ಕೆ. ಮಕ್ಕಳಿಗೆ ಒಂದು ದಿನ ಶಾಲೆ ತಪ್ಪಿಸಬೇಕಾಗುತ್ತದೆ, ಅದನ್ನು ಒಪ್ಪದ ಹೆತ್ತವರ ನಿಲುವನ್ನು ನಾನು ಗೌರವಿಸುತ್ತೇನೆ. ಅಂಥವರು ಸ್ಥಳೀಯ ಹಬ್ಬಕ್ಕೋ ಶಾಲೆಯ ವಾರ್ಷಿಕೋತ್ಸವದ ಮರುದಿನಕ್ಕೋ ತಮ್ಮ ಶಾಲೆಗಷ್ಟೇ ಕೊಡುವ ರಜೆಯನ್ನು ಹುಡುಕಿಕೊಳ್ಳಬಹುದು.

ಆ ತಿಂಗಳುಗಳಲ್ಲಿ ಬಿಡದಿಯ ಕಡೆ ಮಳೆ ಬಂದರೂ ಹೆಚ್ಚಾಗಿ ತುಂತುರು, ನೀರಿನಲ್ಲಿ ನೆನೆಯಲೆಂದೇ ಹೋದವರಿಗೆ ಅದೇನೂ ಅಡ್ಡಿಯಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆಯ ಗುಡುಗು ಮಳೆಯ ಮಾತು ಬೇರೆ. ಸಿಡಿಲು ಬರುವಾಗ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಆ ದಿನಗಳಲ್ಲಿ ಹೋಗುವುದಾದರೆ ಎತ್ತರದವನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳಿ.

ಐದನೆಯ ಹಂತ: ಸಾಲು ತಪ್ಪಿಸುವ ದುಬಾರಿ ಟಿಕೆಟ್ ಬೇಕೇ?

ಸಾಮಾನ್ಯ ಟಿಕೆಟ್ಟಿಗಿಂತ ಬಹಳ ಹೆಚ್ಚಿನ ದರಕ್ಕೆ, ಬೇರೆ ಸಾಲಿನಿಂದ ಬೇಗ ಒಳಬಿಡುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಮಾರುತ್ತಾರೆ. ಜನವಿರಳ ದಿನದಲ್ಲಿ ಇದರಿಂದ ಪ್ರಯೋಜನವಿಲ್ಲ. ಜನ ತುಂಬಿದ ದಿನದಲ್ಲಿ ಪ್ರಯೋಜನವಿದೆ, ಆದರೆ ಐದು ಜನರಿಗೆ ಆ ಹೆಚ್ಚುವರಿ ಹಣ ಕೊಡುವ ಬದಲು ದಿನ ಬದಲಿಸುವುದೇ ಜಾಣತನ. ದಿನ ಬದಲಿಸಲು ಸಾಧ್ಯವೇ ಇಲ್ಲದವರು, ಉದಾಹರಣೆಗೆ ಬೀದರ್, ಕಲಬುರಗಿ, ಬೆಳಗಾವಿಯಿಂದ ರೈಲಿನಲ್ಲಿ ಬಂದು ಒಂದೇ ದಿನ ಕೈಯಲ್ಲಿರುವವರು, ಎಲ್ಲರೂ 140 ದಾಟಿದ್ದು ಎಲ್ಲರಿಗೂ ದೊಡ್ಡ ರೈಡ್‌ಗಳ ಮೇಲೆ ಆಸೆಯಿದ್ದರೆ ಕೊಳ್ಳಲಿ. ಯಾವ ಯಾವ ರೈಡಿಗೆ ಅದು ಅನ್ವಯಿಸುತ್ತದೆ, ಒಂದೊಂದಕ್ಕೆ ಎಷ್ಟು ಸಲ ಎಂಬುದನ್ನು ಓದಿಯೇ ಕೊಳ್ಳಿ.

ಆರನೆಯ ಹಂತ: ಅದೇ ಹಣಕ್ಕೆ ಬೇರೇನು ಸಿಗುತ್ತದೆ ನೋಡಿ

11,650 ರೂಪಾಯಿಯನ್ನು ಹಾಳೆಯ ಮೇಲೆ ಬರೆದ ಮೇಲೆ, ಪಕ್ಕದಲ್ಲಿ ಅದೇ ಹಣದ ಬೇರೆ ದಾರಿಗಳನ್ನೂ ಬರೆಯಿರಿ. ಚಿಕ್ಕ ಮಕ್ಕಳಿದ್ದರೆ 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯ ಇದೆ, ಮಂಗಳವಾರ ಮಾತ್ರ ರಜೆ. ಅರಮನೆ, ಚಾಮುಂಡಿ ಬೆಟ್ಟ ಸೇರಿಸಿ ಒಂದು ರಾತ್ರಿ ಉಳಿದು ಬಂದರೂ ಈ ಹಣ ಸಾಕಾಗಬಹುದು, ಅಜ್ಜಿಯೂ ಮನಸಾರೆ ಬರುತ್ತಾರೆ. ಬೆಂಗಳೂರಿನೊಳಗೇ ಕಬ್ಬನ್ ಉದ್ಯಾನದ ಬಾಲಭವನ, ಅಲ್ಲೇ ಹತ್ತಿರ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇವೆ. ಗುಂಡಿ ಒತ್ತಿದರೆ ತಿರುಗುವ ಯಂತ್ರಗಳ ಮುಂದೆ ಎಂಟು ವರ್ಷದ ಮಗು ಅರ್ಧ ದಿನ ಕಳೆಯಬಲ್ಲದು, ಖರ್ಚು ಥೀಮ್ ಪಾರ್ಕಿನ ಚಿಕ್ಕ ಪಾಲು. ತಿರುಗುವ ಆಟಗಳೇ ಬೇಕೆಂದರೆ ದಸರಾ ವಸ್ತುಪ್ರದರ್ಶನಕ್ಕೆ ಹೋಗಿ, ಬೇಕಾದಷ್ಟೇ ಏರಿ, ಅಷ್ಟಕ್ಕೇ ಹಣ ಕೊಟ್ಟು ಬನ್ನಿ.

ಆದರೆ ಹದಿಮೂರರಿಂದ ಇಪ್ಪತ್ತರ ಹರೆಯದವರಿಗೆ ಇವು ಯಾವುವೂ ಬದಲಿಯಾಗಲಾರವು. ವಂಡರ್‌ಲಾದ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಮೊದಲು ನಿಮ್ಮನ್ನು ಬೆನ್ನಹಿಂದಕ್ಕೆ ಎಳೆಯುತ್ತಾ ಇಳಿಜಾರಿನ ತುದಿಗೆ ಒಯ್ಯುತ್ತದೆ, ಮುಖ ನೆಲದ ಕಡೆಗೆ ತೂಗುತ್ತಿರುವಾಗ ಒಂದು ಕ್ಷಣ ಎಲ್ಲವೂ ನಿಲ್ಲುತ್ತದೆ, ಆಮೇಲೆ ಕೈಬಿಡುತ್ತದೆ. ಸುರುಳಿಗಳನ್ನು ದಾಟಿ ಎದುರಿನ ಇಳಿಜಾರು ಏರಿ ನಿಂತು, ಅದೇ ಹಳಿಯ ಮೇಲೆ ಹಿಂದುಹಿಂದಕ್ಕೇ ಮತ್ತೆ ತಲೆಕೆಳಗಾಗುತ್ತಾ ಮರಳುತ್ತದೆ. ಎಲ್ಲ ಮುಗಿಯಲು ಎರಡು ನಿಮಿಷವೂ ಬೇಕಿಲ್ಲ. ಇಳಿದ ಮೇಲೆ ಕಾಲು ನಡುಗುತ್ತಾ ನಗುವ ಹರೆಯದ ಗೆಳೆಯರ ಗುಂಪಿಗೆ ಕೊಟ್ಟ ಹಣ ಸಂದಾಯವಾಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನನ್ನು ಕೇಳಿದರೆ ಥೀಮ್ ಪಾರ್ಕ್ ನಿಜಕ್ಕೂ ಹೇಳಿಮಾಡಿಸಿದ್ದು ಈ ವಯಸ್ಸಿನವರಿಗೆ.

ಏಳನೆಯ ಹಂತ: ಟಿಕೆಟ್ ಕೊಳ್ಳುವಾಗ

ಪಾರ್ಕಿನ ಅಧಿಕೃತ ಜಾಲತಾಣದಲ್ಲೇ, ಕೊನೆಯ ಪುಟದವರೆಗೆ ಹೋಗಿ ಒಟ್ಟು ಮೊತ್ತ ನೋಡಿ. ಮನರಂಜನಾ ಪಾರ್ಕ್‌ಗಳ ಪ್ರವೇಶಕ್ಕೆ 2017ರಲ್ಲಿ 28 ಪ್ರತಿಶತ ಇದ್ದ ಜಿಎಸ್‌ಟಿಯನ್ನು 2018ರ ಜನವರಿಯಲ್ಲಿ 18ಕ್ಕೆ ಇಳಿಸಲಾಯಿತು. ಮೊದಲ ಪುಟದ ದೊಡ್ಡ ಅಕ್ಷರದ ದರದಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನು ಗಮನಿಸದಿದ್ದರೆ ಐದು ಜನರ ಲೆಕ್ಕದಲ್ಲಿ ಸಾವಿರ ರೂಪಾಯಿ ಏರುಪೇರಾಗುತ್ತದೆ. ವಿದ್ಯಾರ್ಥಿಗಳಿಗೆ ಗುರುತಿನ ಚೀಟಿಯ ಮೇಲೆ, ಗುಂಪಿಗೆ, ಹುಟ್ಟುಹಬ್ಬದ ಆಸುಪಾಸಿನಲ್ಲಿ ರಿಯಾಯಿತಿಗಳಿರುತ್ತವೆ. ಎರಡು ರಿಯಾಯಿತಿ ಒಟ್ಟಿಗೆ ಸಿಗುವುದಿಲ್ಲವಾದ್ದರಿಂದ ದೊಡ್ಡದು ಯಾವುದೆಂದು ನೋಡಿ ಆರಿಸಿ. ಮಗುವಿಗೆ ಜ್ವರ ಬಂದರೆ ದಿನಾಂಕ ಬದಲಿಸಲು ಬರುತ್ತದೆಯೇ ಎಂಬ ನಿಯಮವನ್ನೂ ಓದಿಕೊಳ್ಳಿ. ವಾಟ್ಸಾಪಿನಲ್ಲಿ ಬರುವ ಅರ್ಧ ಬೆಲೆಯ ಟಿಕೆಟ್ ಕೊಂಡಿಗಳನ್ನು ಮುಟ್ಟಲೇಬೇಡಿ.

ಎಂಟನೆಯ ಹಂತ: ದಾರಿ ಮತ್ತು ಬೆಳಗಿನ ತಿಂಡಿ

ಬೆಂಗಳೂರಿನಿಂದ ಪಾರ್ಕ್ ಸುಮಾರು 28 ಕಿಲೋಮೀಟರ್. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಿಂದ ಕೆಂಗೇರಿಯಾಚೆ ಚಲ್ಲಘಟ್ಟದವರೆಗೆ ಹೋಗುವುದರಿಂದ ನಗರದ ವಾಹನ ದಟ್ಟಣೆಯನ್ನು ಅಲ್ಲಿಯವರೆಗೆ ತಪ್ಪಿಸಿಕೊಂಡು, ಮುಂದೆ ಬಸ್ಸು ಅಥವಾ ಆಟೊ ಹಿಡಿಯಬಹುದು. ಮೈಸೂರು ಕಡೆಯ ಪ್ಯಾಸೆಂಜರ್ ರೈಲು ನಿಲ್ಲುವ ಹೆಜ್ಜಾಲ ನಿಲ್ದಾಣವೂ ಹತ್ತಿರವೇ ಇದೆ. ಬೈಕಿನಲ್ಲಿ ಹೋಗುವವರು ನೆನಪಿಡಿ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ ಮತ್ತು ಆಟೊಗಳಿಗೆ ಪ್ರವೇಶವಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಗರದಿಂದ ಹೊರಡುವ ಕಾರಿನವರಿಗೂ ಸರ್ವಿಸ್ ರಸ್ತೆ ಸಾಕು, ಟೋಲ್ ಉಳಿಯುತ್ತದೆ.

ಬಿಡದಿಯ ತಟ್ಟೆ ಇಡ್ಲಿ ಇಲ್ಲಿ ಬಾಯಿ ಚಪಲಕ್ಕಷ್ಟೇ ಅಲ್ಲ, ಲೆಕ್ಕಕ್ಕೂ ಒದಗುತ್ತದೆ. ಪಾರ್ಕ್ ದಾಟಿ ತುಸು ಮುಂದೆ ಹೋಗಿ, ಒಂಬತ್ತು ಗಂಟೆಗೆಲ್ಲ ಅಂಗೈಗಿಂತ ಅಗಲದ ಎರಡು ಇಡ್ಲಿ ತಿಂದು ಹಿಂದಿರುಗಿದರೆ ಮಧ್ಯಾಹ್ನ ಎರಡರವರೆಗೆ ಹಸಿವು ಕಾಡುವುದಿಲ್ಲ, ರೈಡ್ ಏರುವ ಹೊತ್ತಿಗೆ ಹೊಟ್ಟೆಯೂ ಹಗುರಾಗಿರುತ್ತದೆ.

ಒಂಬತ್ತನೆಯ ಹಂತ: ಒಳಗೆ ದಿನವನ್ನು ಹಂಚಿಕೊಳ್ಳುವುದು

ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ದಿನದಲ್ಲಿ ಸಾಲು ಅತಿ ಚಿಕ್ಕದಿರುವುದು ಮೊದಲ ಒಂದೂವರೆ ಗಂಟೆಯಲ್ಲಿ. ಒಳಹೊಕ್ಕ ಜನ ಎದುರಿಗೆ ಸಿಕ್ಕ ಮೊದಲ ರೈಡಿಗೇ ನುಗ್ಗುತ್ತಾರೆ. ನೀವು ನಿಲ್ಲದೆ ನಡೆದು, ಹೆಚ್ಚು ಬೇಡಿಕೆಯಿರುವ, ದೂರದ ರೈಡಿಗೆ ಹೋಗಿ. ನೀರಿನ ವಿಭಾಗ ತಡವಾಗಿ ತೆರೆದು ಬೇಗ ಮುಚ್ಚುವುದರಿಂದ ಅದರ ಸಮಯವನ್ನು ಒಳಬರುವಾಗಲೇ ಫಲಕದಲ್ಲಿ ನೋಡಿಕೊಳ್ಳಿ. ಒಣ ರೈಡ್‌ಗಳಲ್ಲಿ ದೊಡ್ಡವನ್ನು ಮುಗಿಸಿ, ಬಿಸಿಲೇರಿದ ಮೇಲೆ ಬಟ್ಟೆ ಬದಲಿಸಿ ನೀರಿಗಿಳಿದು, ಅಲ್ಲಿಂದ ಎದ್ದ ಮೇಲೆ ಉಳಿದ ಒಣ ರೈಡ್‌ಗಳಿಗೆ ಮರಳಿ. ಒದ್ದೆ–ಒಣ–ಒದ್ದೆ ಎಂದು ಬದಲಿಸುತ್ತಾ ಹೋದವರು ದಿನದ ಒಂದು ಗಂಟೆಯನ್ನು ಬಟ್ಟೆ ಬದಲಿಸುವ ಕೋಣೆಯಲ್ಲೇ ಕಳೆಯುತ್ತಾರೆ. ಊಟಕ್ಕೆ ಒಂದರಿಂದ ಎರಡರ ನಡುವೆ ಹೋಗಬೇಡಿ, ಎಲ್ಲರೂ ಆಗಲೇ ಹೋಗುತ್ತಾರೆ. ಆ ಹೊತ್ತಿನಲ್ಲಿ ರೈಡ್‌ಗಳ ಸಾಲು ಕರಗಿರುತ್ತದೆ.

ಸಾಲಿಗೆ ಸೇರುವ ಮೊದಲು ಒಂದು ಸರಳ ಲೆಕ್ಕ ಮಾಡಿ. ಒಮ್ಮೆಗೆ ಎಷ್ಟು ಜನ ಏರುತ್ತಾರೆ, ಒಂದು ಸುತ್ತು ಹೊರಟು ಮುಂದಿನದು ಹೊರಡುವವರೆಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ನೋಡಿ. ಮುಂದೆ 200 ಜನರಿದ್ದು, ಒಮ್ಮೆಗೆ 25 ಜನ ಏರಿ, ಸುತ್ತಿಗೆ ಐದು ನಿಮಿಷವಾದರೆ ನಿಮ್ಮ ಸರದಿಗೆ 40 ನಿಮಿಷ. ಅಷ್ಟು ಕಾಯುವ ಮನಸ್ಸಿದ್ದರೆ ಮಾತ್ರ ನಿಲ್ಲಿ.

ಎಲ್ಲಿಯೇ ಆಗಲಿ, ರೈಡ್ ಹೊರಡುವ ಮುನ್ನ ಸಿಬ್ಬಂದಿ ಒಬ್ಬೊಬ್ಬರ ಕಟ್ಟನ್ನೂ ಕೈಯಿಂದ ಎಳೆದು ನೋಡುತ್ತಾರೆಯೇ ಎಂಬುದನ್ನು ಸಾಲಿನಲ್ಲಿ ನಿಂತಾಗಲೇ ಗಮನಿಸಿ. ನೋಡದಿದ್ದರೆ ಕೊಟ್ಟ ಹಣದ ಮುಖ ನೋಡದೆ ಹೊರಬನ್ನಿ. ಅಲೆಗಳ ಕೊಳದಲ್ಲಿ ಅಲೆ ಏಳುವ ಸೂಚನೆ ಕೊಟ್ಟ ತಕ್ಷಣ ಜನ ಆಳದ ಕಡೆಗೆ ಓಡುತ್ತಾರೆ; ಈಜು ಬಾರದ ಮಗುವನ್ನು ಕೈಗೆಟುಕುವಷ್ಟು ಹತ್ತಿರ, ನಿಮ್ಮ ಮೊಣಕಾಲು ಮುಳುಗುವಷ್ಟು ನೀರಿನಲ್ಲೇ ಇಟ್ಟುಕೊಳ್ಳಿ. ಹಿಂದೆ ಸರಿಯುವ ನೀರು ಕಾಲಡಿಯಿಂದ ಎಳೆಯುವ ಸೆಳೆತ ದೊಡ್ಡವರಿಗೆ ಆಟ, ಆರು ವರ್ಷದ ಮಗುವಿಗೆ ಅಪಾಯ. ಕಾವಲುಗಾರರಿದ್ದಾರೆಂದು ಫೋನ್ ಹಿಡಿದು ದಡದಲ್ಲಿ ಕೂರುವುದು ಸಲ್ಲದು.

ಮಕ್ಕಳಿರುವ ಅಮೆರಿಕಕ್ಕೆ ಹೋದಾಗ

ಕ್ಯಾಲಿಫೋರ್ನಿಯಾ ಅಥವಾ ಫ್ಲಾರಿಡಾದಲ್ಲಿರುವ ಮಗ–ಮಗಳ ಮನೆಗೆ ಹೋದ ಅಪ್ಪ ಅಮ್ಮಂದಿರನ್ನು ಡಿಸ್ನಿಗೆ ಕರೆದೊಯ್ಯುವುದು ಈಗ ವಾಡಿಕೆಯಾಗಿದೆ. ಅಲ್ಲಿ ಟಿಕೆಟ್ ವಯಸ್ಸಿನ ಮೇಲೆ: ಮೂರು ತುಂಬದ ಮಗುವಿಗೆ ಉಚಿತ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ಮೂರನೆಯ ಹುಟ್ಟುಹಬ್ಬಕ್ಕೆ ಮುಂಚೆ ಹೋಗುವುದೋ ನಂತರವೋ ಎಂಬುದು ದೊಡ್ಡ ಮೊತ್ತದ ಪ್ರಶ್ನೆ. ಸಾಲು ತಪ್ಪಿಸುವ ಫಾಸ್ಟ್‌ಪಾಸ್ 1999ರಲ್ಲಿ ಉಚಿತವಾಗಿ ಆರಂಭವಾಗಿತ್ತು, 2021ರಿಂದ ಅಂಥ ಸೌಲಭ್ಯಕ್ಕೆ ಬೇರೆ ಹಣ ಕೊಡಬೇಕಾಗಿದೆ. ಹಣ ಉಳಿಸುವ ಎರಡು ದಾರಿಗಳು ಮಾತ್ರ ಬಹಳ ಉಪಯುಕ್ತ. ಅಲ್ಲಿ ಮನೆಯ ಊಟ ಒಳಗೆ ಒಯ್ಯಬಹುದು, ಗಾಜಿನ ಪಾತ್ರೆ ಬೇಡ ಅಷ್ಟೆ. ಪುಳಿಯೋಗರೆ, ಮೊಸರನ್ನದ ಡಬ್ಬಿ ಕಟ್ಟಿಕೊಂಡರೆ ಸಸ್ಯಾಹಾರಿ ಹಿರಿಯರಿಗೆ ನೆಮ್ಮದಿ. ಎತ್ತರ ಸಾಲದ ಮಗುವಿದ್ದರೆ ರೈಡರ್ ಸ್ವಿಚ್ ಕೇಳಿ: ಒಬ್ಬರು ಏರಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆಗಿದ್ದು, ಆಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ತಾವೂ ಏರಬಹುದು.

ಮರಳಿದ ಮೇಲೆ

ಅದೇ ರಾತ್ರಿ, ದಣಿವಿನಲ್ಲೂ, ನಿಜವಾಗಿ ಆದ ಖರ್ಚನ್ನು ಹಾಳೆಯಲ್ಲಿ ಅಂದಾಜಿನ ಪಕ್ಕಕ್ಕೆ ಬರೆದಿಡಿ. ಎರಡು ದಿನ ಬಿಟ್ಟು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ಇದರಲ್ಲಿ ಯಾವುದಕ್ಕಾಗಿ ಮತ್ತೊಮ್ಮೆ ಹೋಗುವೆ? ಒಟ್ಟಿಗೆ ಕೇಳಿದರೆ ಎಲ್ಲರೂ ಅಕ್ಕ ಹೇಳಿದ್ದನ್ನೇ ಹೇಳುತ್ತಾರೆ. ಇಬ್ಬರಿಗಿಂತ ಹೆಚ್ಚು ಜನ ನೀರಿನ ಆಟದ ಹೆಸರನ್ನಷ್ಟೇ ಹೇಳಿದರೆ, ಮುಂದಿನ ಸಲ ಹತ್ತಿರದ, ಕಡಿಮೆ ದರದ ವಾಟರ್ ಪಾರ್ಕ್ ಸಾಕು. ಮಗಳು ದೊಡ್ಡ ರೈಡ್‌ಗಳ ಪಟ್ಟಿಯನ್ನೇ ಒಪ್ಪಿಸಿದರೆ, ಮರುವರ್ಷ ಮನೆಯವರೆಲ್ಲ ಹೊರಡುವ ಬದಲು ಅವಳನ್ನು ಕಾಲೇಜಿನ ಗೆಳತಿಯರ ಗುಂಪಿನೊಡನೆ ವಿದ್ಯಾರ್ಥಿ ರಿಯಾಯಿತಿಯಲ್ಲಿ ಕಳಿಸಬಹುದು. ಐದು ಟಿಕೆಟ್ಟಿನ ಜಾಗದಲ್ಲಿ ಒಂದೇ ಟಿಕೆಟ್ಟಿಗೆ ಕೆಲಸವಾಗುತ್ತದೆ.